ಒಂದು ಮನೆಗೆ ಎಷ್ಟು ಉಳಿಯುತ್ತೆ?

ಡಲ್ಲಾಸ್‌ನಲ್ಲಿ ಕನ್ನಡದವರು ನಾಲ್ಕು ಜನ ಸೇರಿದ ಕಡೆಯೆಲ್ಲ ನನಗೆ ಇದೇ ಪ್ರಶ್ನೆ. ಅವರ ಸಂಬಳ ಎಷ್ಟು ಅಂತ ನಾನು ಯಾವತ್ತಾದರೂ ಕೇಳಿದ್ದೇನಾ? ಹೋಗಲಿ, ಬರೆದೇ ಬಿಡುತ್ತೇನೆ.

ನನ್ನದು ಹೋಲ್‌ಸೇಲಿಂಗ್. ಹಾಳುಬಿದ್ದ ಮನೆಯ ಮಾಲೀಕರ ಜೊತೆ ಒಂದು ಬೆಲೆಗೆ ಕರಾರು ಮಾಡಿಕೊಳ್ಳುತ್ತೇನೆ. ರಿಪೇರಿ ಮಾಡಿ ಮಾರುವ ಇನ್ವೆಸ್ಟರ್‌ಗೆ ಆ ಕರಾರನ್ನು ಬಿಟ್ಟುಕೊಟ್ಟು ಫೀಸು ತಗೊಳ್ಳುತ್ತೇನೆ. ಯುಗಾದಿ ಊಟದಲ್ಲಿ ಒಬ್ಬ ಸಾಫ್ಟ್‌ವೇರ್ ಮಹಾಶಯರು "ಎರಡು ಸಹಿಗೆ ಹತ್ತು ಸಾವಿರ ಡಾಲರ್ ಅಲ್ವಾ?" ಅಂದರು. "ಹೂಂ ಸಾರ್, ನೀವೂ ಸುಮ್ನೆ ಕೀಲಿ ಒತ್ತೋದಷ್ಟೇ ಅಲ್ವಾ" ಅಂದೆ. ಅವರ ಹೆಂಡತಿ ಮಾತ್ರ ನಕ್ಕರು.

ಲೆಕ್ಕ ಬೇಕಾ? ರಿಪೇರಿ ಆದಮೇಲೆ ಮನೆ 3,00,000 ಡಾಲರ್‌ಗೆ ಹೋಗುತ್ತೆ ಅನ್ನಿ. ಮನೆ, ರಿಪೇರಿ, ನನ್ನ ಫೀಸು ಎಲ್ಲಕ್ಕೂ ಸೇರಿ ಇನ್ವೆಸ್ಟರ್ ಹಾಕೋದು ಅದರ 70 ಪರ್ಸೆಂಟ್, ಅಂದರೆ 2,10,000. ರಿಪೇರಿಗೆ 50,000, ನನಗೆ 10,000 ಕಳೆಯಿರಿ. ಮಾಲೀಕರಿಗೆ ನಾನು ಹೇಳಬಹುದಾದ ಬೆಲೆ 1,50,000. ಉಳಿದ 30 ಪರ್ಸೆಂಟ್‌ನಲ್ಲಿ ಇನ್ವೆಸ್ಟರ್‌ನ ಬಡ್ಡಿ, ವಿಮೆ, ಏಜೆಂಟ್ ಕಮಿಷನ್, ಲಾಭ ಎಲ್ಲ ಬರಬೇಕು. ನನ್ನ ಹತ್ತು ಸಾವಿರದಲ್ಲಿ, ಮಾಲೀಕರಿಗೆ ಬರೆದು ಉತ್ತರವೇ ಬರದ ಕಾಗದಗಳ ಅಂಚೆ ಖರ್ಚು, ಮುರಿದುಬಿದ್ದ ಕರಾರುಗಳ ಖರ್ಚು ಹೋಗಬೇಕು. ಮಿಕ್ಕಿದ್ದಕ್ಕೆ ಸ್ವಂತ ದುಡಿಮೆಯ ತೆರಿಗೆ 15.3 ಪರ್ಸೆಂಟ್. ವರಮಾನ ತೆರಿಗೆ ಬೇರೆ.

ಆ 3,00,000 ಹೇಗೆ ಗೊತ್ತಾಯ್ತು ಅಂದರೆ, "ಬೆಲೆ ಜಿಲ್ಲೋದಲ್ಲೇ ಇರುತ್ತಲ್ಲ?" ಅಂತಾರೆ. ಮನೆ ಬೆಲೆ ತೋರಿಸುವ ವೆಬ್‌ಸೈಟ್ ಅದು. ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯ್ತು ಅಂತ ಸರ್ಕಾರಕ್ಕೆ ತಿಳಿಸಲೇಬೇಕು ಅಂತಿಲ್ಲ. ಅಲ್ಲಿ ಕಾಣೋದು ಅಂದಾಜು. ನಿಜವಾದ ಬೆಲೆಗೆ ಏಜೆಂಟರನ್ನು ಕಾಡಬೇಕು.

ಆ 50,000 ಎಲ್ಲಿಂದ ಬಂತು ಅಂತ ಮಾತ್ರ ಯಾರೂ ಕೇಳಲ್ಲ. ಕೇಳಿದರೆ ಊಟ ಬಿಟ್ಟು ಹೇಳುತ್ತೇನೆ. ಇಲ್ಲಿನ ಮಣ್ಣು ನಮ್ಮ ಗದಗದ ಎರೆಮಣ್ಣಿನ ಜಾತಿಯದೇ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಅದರ ಮೇಲೆ ಮನೆ ಕೂತಿರುವ ಕಾಂಕ್ರೀಟ್ ಹಾಸು ವಾಲುತ್ತೆ. ಹಾಗಾಗಿ ನಾನು ಅಡುಗೆಮನೆ ಆಮೇಲೆ ನೋಡುತ್ತೇನೆ, ಮೊದಲು ಎಲ್ಲ ಬಾಗಿಲು ಹಾಕಿ ತೆಗೆಯುತ್ತೇನೆ. ಬಾಗಿಲು ಸಿಕ್ಕಿಕೊಂಡರೆ, ಕಿಟಕಿ ಮೂಲೆಯಿಂದ ಓರೆ ಬಿರುಕು ಹೊರಟಿದ್ದರೆ, ಅಡಿಪಾಯ ಎತ್ತಿಸುವ ಖರ್ಚು ಬರೆದುಕೊಳ್ಳುತ್ತೇನೆ. ಎತ್ತುವಾಗ ಕೆಳಗಿನ ಹಳೇ ಬೀಡುಕಬ್ಬಿಣದ ಪೈಪು ಒಡೆಯಬಹುದು. ಅದಕ್ಕೂ ದುಡ್ಡು ತೆಗೆದಿಡಬೇಕು. ಇಷ್ಟೆಲ್ಲ ಸೇರಿಸಿ ಬೆಲೆ ಹೇಳಿದರೆ ಮಾಲೀಕರು ಜಾಸ್ತಿ ಸಲ ಬಾಗಿಲು ಹಾಕಿಕೊಳ್ಳುತ್ತಾರೆ. ಕಡಿಮೆ ಬರೆದರೆ ಇನ್ವೆಸ್ಟರ್ ಮುಂದಿನ ಸಲ ಫೋನೇ ಎತ್ತಲ್ಲ.