ಏಜೆಂಟ್‌ಗೊಂದು ಕೈಪಿಡಿ: ಯಕ್ಷಗಾನ ತಾಣದ ಕೆಲಸ ಎಲ್ಲಿಗೆ ಬಂತು

ಪತ್ತನಾಜೆಗೆ, ಅಂದರೆ ತಿರುಗಾಟ ಮುಗಿಯುವ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಯಕ್ಷಗಾನ ತಾಣಕ್ಕೂ ತುಸು ಬಿಡುವು. ತಿರುಗಾಟದ ದಿನಗಳಲ್ಲಿ ಆಟದ ಸ್ಥಳ ಬದಲಾಯಿತು, ಪ್ರಸಂಗ ಬದಲಾಯಿತು ಎಂದು ದಿನವೂ ತಿದ್ದುಪಡಿ ಇರುತ್ತದೆ. ಮುಂದಿನ ತಿರುಗಾಟದೊಳಗೆ ಇದರಲ್ಲಿ ಒಂದಷ್ಟನ್ನು ಎಐ ಏಜೆಂಟ್‌ಗೆ, ಅಂದರೆ ಹೇಳಿದ ಕೆಲಸವನ್ನು ತಾನೇ ಹೆಜ್ಜೆ ಹೆಜ್ಜೆಯಾಗಿ ಮಾಡುವ ಎಐ ತಂತ್ರಾಂಶಕ್ಕೆ, ಒಪ್ಪಿಸುವ ಯೋಜನೆ ನಮ್ಮದು. ತಾಣ ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. 2016ರ 4.7ನೇ ಆವೃತ್ತಿಯಿಂದ ಲೇಖನಗಳನ್ನು ಓದಲು, ತಿದ್ದಲು ಅದರಲ್ಲೇ ರೆಸ್ಟ್ ಎಪಿಐ (ಬೇರೆ ತಂತ್ರಾಂಶಗಳು ತಾಣದೊಡನೆ ವ್ಯವಹರಿಸುವ ದಾರಿ) ಇದೆ. ಅದರ ಮೇಲೆ, 2024ರ ನವೆಂಬರ್‌ನಲ್ಲಿ ಪ್ರಕಟವಾದ ಎಂಸಿಪಿ (ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಒಂದು ಮಾನಕ) ಕ್ರಮದಲ್ಲಿ, ಏಜೆಂಟ್ ಕರೆದು ಬಳಸುವ ಕೆಲವು ಸಣ್ಣ ಟೂಲ್‌ಗಳನ್ನು ಕಟ್ಟಿದ್ದಾಗಿದೆ. ಈಗ ನಡೆಯುತ್ತಿರುವುದು ಅವುಗಳ ವಿವರಣೆ, ಅಂದರೆ ಟೂಲನ್ನು ಹೇಗೆ ಬಳಸಬೇಕೆಂದು ಏಜೆಂಟ್ ಓದಿ ತಿಳಿಯುವ ಕೈಪಿಡಿ, ಬರೆಯುವ ಕೆಲಸ. ಕೋಡ್‌ಗಿಂತ ಹೆಚ್ಚು ಹೊತ್ತು ತಿನ್ನುತ್ತಿರುವುದೂ ಇದೇ.

ಪುಟ ಓದುವ ಟೂಲ್‌ನ ವಿವರಣೆಗೆ ಮೊದಲು ಒಂದೇ ಸಾಲು ಸಾಕೆನಿಸಿತ್ತು. ಸಾಲದು. ಎಪಿಐಯನ್ನು ಸುಮ್ಮನೆ ಕೇಳಿದರೆ ಓದುಗರಿಗೆ ಕಾಣುವ ಎಚ್‌ಟಿಎಂಎಲ್ ಬರುತ್ತದೆ. ತಿದ್ದುವುದಕ್ಕೆಂದು ಕೇಳಿದರೆ ಮಾತ್ರ ಮೂಲ ಪಠ್ಯ, ಅಂದರೆ ಬ್ಲಾಕ್‌ಗಳ (ಪುಟ ಕಟ್ಟುವ ಪ್ಯಾರಾ, ಚಿತ್ರ, ಪಟ್ಟಿಯಂಥ ತುಣುಕುಗಳ) ಗುರುತುಗಳನ್ನೂ ಒಳಗೊಂಡದ್ದು, ಸಿಗುತ್ತದೆ. ಮೊದಲನೆಯದನ್ನು ಓದಿ ಅದನ್ನೇ ಮರಳಿ ಬರೆದರೆ ಬ್ಲಾಕ್‌ಗಳೆಲ್ಲ ಹೋಗುತ್ತವೆ. ಓದುಗನಿಗೆ ಪುಟ ಸರಿಯಾಗಿಯೇ ಕಾಣುತ್ತದೆ. ಮರುದಿನ ತಿದ್ದಲು ಕುಳಿತವನಿಗೆ ಗೊತ್ತಾಗುತ್ತದೆ. ವರ್ಗಗಳದ್ದೂ ಇಂಥದೇ ಸ್ವಭಾವ: ಒಂದು ವರ್ಗವನ್ನು ಕಳುಹಿಸಿದರೆ ಅದು ಇದ್ದವುಗಳ ಜೊತೆ ಸೇರುವುದಿಲ್ಲ, ಇದ್ದವನ್ನು ತೆಗೆದು ತಾನು ಕೂರುತ್ತದೆ.

ಅಳಿಸುವ ಟೂಲ್ ಹೆಚ್ಚು ಯೋಚನೆಗೆ ಹಚ್ಚಿತು. ಲೇಖನವನ್ನು ಅಳಿಸಿದರೆ ಅದು ಕಸದಬುಟ್ಟಿಗೆ ಹೋಗಿ, ಬೇರೆ ಹೊಂದಿಕೆ ಮಾಡದಿದ್ದರೆ 30 ದಿನ ಇರುತ್ತದೆ. ಚಿತ್ರಗಳಿಗೆ ಸಾಮಾನ್ಯವಾಗಿ ಆ ಸೌಕರ್ಯ ಇಲ್ಲ. ಅಳಿಸಲು ಹೋದರೆ, ಇದನ್ನು ಕಸದಬುಟ್ಟಿಗೆ ಹಾಕಲು ಬರುವುದಿಲ್ಲ, ಅಳಿಸಲು ‘ಫೋರ್ಸ್=ಟ್ರೂ’ ಎಂದು ಕೊಡಿ ಎಂಬ ಅರ್ಥದ ದೋಷಸಂದೇಶ ಬರುತ್ತದೆ. ಬೀಗ ಹಾಕಿ, ಕೀಲಿ ಎಲ್ಲಿದೆಯೆಂದು ಬಾಗಿಲ ಮೇಲೇ ಬರೆದ ಹಾಗೆ. ಮನುಷ್ಯ ಅಲ್ಲಿ ಒಂದು ಗಳಿಗೆ ನಿಲ್ಲುತ್ತಾನೆ. ಏಜೆಂಟ್‌ಗೆ ಅದು ಮುಂದಿನ ಹೆಜ್ಜೆಯ ಸೂಚನೆ. ಆದ್ದರಿಂದ ದೋಷಸಂದೇಶಗಳನ್ನೂ ಕೈಪಿಡಿಯ ಭಾಗವೆಂದೇ ಎಣಿಸಿ, ಒಂದೊಂದನ್ನೂ ನಾವೇ ಬರೆಯುತ್ತಿದ್ದೇವೆ. ಚಿತ್ರ ಅಳಿಸುವ ಟೂಲನ್ನಂತೂ ಕೊಡುವುದೇ ಇಲ್ಲ. ‘ಇದು ಹಾನಿ ಮಾಡಬಲ್ಲ ಟೂಲ್’ ಎಂದು ಎಂಸಿಪಿಯಲ್ಲಿ ಗುರುತು ಹಾಕಬಹುದು, ಆದರೆ ಅದು ಸುಳಿವು ಮಾತ್ರ, ತಡೆಯಲ್ಲ.

ಇನ್ನು ಕನ್ನಡದ ಪಾಡು. ‘ಹೈಸ್ಕೂಲ್‌ನ ಬಯಲು’ ಎಂಬುದರಲ್ಲಿ ‘ಲ್’ ಮತ್ತು ‘ನ’ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿದೆ: ಜೀರೋ ವಿಡ್ತ್ ನಾನ್ ಜಾಯ್ನರ್. ‘ನ’ ಒತ್ತಕ್ಷರವಾಗಿ ‘ಲ್’ಗೆ ಅಂಟದಂತೆ ತಡೆಯುವುದು ಅದೇ. ಏಜೆಂಟ್ ಆ ಸಾಲನ್ನು ಮತ್ತೆ ಬರೆಯುವಾಗ ಅದು ಬಿಟ್ಟುಹೋಗುವುದುಂಟು. ಆಗ ಹುಡುಕಿ ಬದಲಿಸುವ ಟೂಲ್ ‘ಸಿಗಲಿಲ್ಲ’ ಎನ್ನುತ್ತದೆ. ಪರೀಕ್ಷೆಯ ಕರಡಿನಲ್ಲಿ ಏಜೆಂಟ್ ಇದರಿಂದ ಆ ಸಾಲೇ ಇಲ್ಲವೆಂದು ತಿಳಿದು ಹೊಸ ಸಾಲು ಸೇರಿಸಿತು. ಒಂದೇ ಮೇಳಕ್ಕೆ ಒಂದೇ ರಾತ್ರಿ ಎರಡು ಊರಲ್ಲಿ ಆಟ! ಈಗ ಟೂಲ್ ಹುಡುಕುವಾಗ ಆ ಸಂಕೇತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಿಗದಿದ್ದರೆ ಅದು ಕೊಡುವ ಉತ್ತರ ಇದು: ‘ಹೊಂದುವ ಸಾಲು ಸಿಗಲಿಲ್ಲ. ಹತ್ತಿರದ ಮೂರು ಸಾಲುಗಳು ಕೆಳಗಿವೆ. ಹೊಸ ಸಾಲು ಸೇರಿಸಬೇಡ, ಸಂಪಾದಕರನ್ನು ಕೇಳು.’

ಪುಟದ ವಿಳಾಸಕ್ಕೂ ನಿಯಮ ಬೇಕಾಯಿತು. ವರ್ಡ್‌ಪ್ರೆಸ್ ಶೀರ್ಷಿಕೆಯಿಂದಲೇ ವಿಳಾಸ ಮಾಡುವಾಗ ಕನ್ನಡದ ಪ್ರತಿ ಸಂಕೇತ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತದೆ, ಮಿತಿ 200. ‘ಭೀಷ್ಮ’ ಎಂದರೆ ಐದು ಸಂಕೇತ (ಮೂರು ವ್ಯಂಜನ, ಒಂದು ದೀರ್ಘದ ಗುರುತು, ಒಂದು ಅರ್ಧಾಕ್ಷರದ ಗುರುತು), ಅಲ್ಲಿಗೆ 45 ಖರ್ಚು. ಪ್ರಸಂಗದ ಹೆಸರು ಮುಗಿದು ಊರಿನ ಹೆಸರು ಬರುವಷ್ಟರಲ್ಲಿ ಕತ್ತರಿ ಬಿದ್ದಿರುತ್ತದೆ. ಏಜೆಂಟ್ ವಿಳಾಸವನ್ನು ರೋಮನ್ ಲಿಪಿಯಲ್ಲಿ, ದಿನಾಂಕದೊಂದಿಗೆ ತಾನೇ ಕೊಡಬೇಕೆಂದು ಬರೆದಾಯಿತು. ಕನ್ನಡ ತಾಣಕ್ಕೆ ಇದು ನನಗೆ ಅಷ್ಟೇನೂ ಹಿಡಿಸಿದ ಪರಿಹಾರವಲ್ಲ.

ಪ್ರಕಟಿಸುವ ಅಧಿಕಾರ ನಮ್ಮಲ್ಲೇ ಉಳಿಯುತ್ತದೆ. ಪ್ರಕಟವಾದ ಪುಟವಾದರೆ ಟೂಲ್ ಹಳೆಯ ಸಾಲು, ಹೊಸ ಸಾಲು ಎರಡನ್ನೂ ತೋರಿಸಿ ಒಪ್ಪಿಗೆಗೆ ಕಾಯುತ್ತದೆ. ಏಜೆಂಟ್‌ಗೆಂದೇ ಬೇರೆ ಖಾತೆ, ಬೇರೆ ಅಪ್ಲಿಕೇಶನ್ ಪಾಸ್‌ವರ್ಡ್ (ತಂತ್ರಾಂಶಗಳ ಬಳಕೆಗೆಂದೇ ಕೊಡುವ ಪಾಸ್‌ವರ್ಡ್) ಮಾಡಿದ್ದೇವೆ. ಬೇಡವೆನಿಸಿದ ಕ್ಷಣ ಅದೊಂದನ್ನೇ ರದ್ದು ಮಾಡಬಹುದು.

ಬಾಕಿ ಇರುವುದು ಚಿತ್ರಗಳಿಗೆ ಆಲ್ಟ್ ಪಠ್ಯ, ಅಂದರೆ ಚಿತ್ರ ಕಾಣದವರಿಗೆ ಅದರ ಬದಲು ಸಿಗುವ ವಿವರಣೆ, ಬರೆಯುವ ಟೂಲ್. ಯಕ್ಷಗಾನದ ಯಾವ ತಿಟ್ಟು (ಶೈಲಿ), ತೆಂಕೋ ಬಡಗೋ, ವೇಷ ಯಾರದು ಎಂದು ಏಜೆಂಟ್ ಊಹಿಸಕೂಡದು; ಚಿತ್ರ ಏರಿಸಿದವರು ತಿಟ್ಟು, ಪಾತ್ರ, ಕಲಾವಿದರ ಹೆಸರು ತುಂಬದಿದ್ದರೆ ಟೂಲ್ ಕೆಲಸವನ್ನೇ ಶುರು ಮಾಡಬಾರದು. ಅದರ ವಿವರಣೆ ಮುಂದಿನ ಕಂತಿಗೆ.