ತನ್ನ ಬಿಸಿಗಾಳಿಯನ್ನೇ ಕುಡಿಯುತ್ತಿದ್ದ ಜನರೇಟರ್

ಬಯಲಿನಲ್ಲಿ ನಡೆಯುವ ಕಾರ್ಯಕ್ರಮಗಳಿಗೆ ಮೈಕು, ಸ್ಪೀಕರು ಹಾಕುವುದು ನನ್ನ ಕೆಲಸ. ಕರೆಂಟ್ ಇಲ್ಲದ ಕಡೆಗೆ 2 ಕಿಲೋವ್ಯಾಟ್‌ನ ಒಂದು ಪೆಟ್ರೋಲ್ ಜನರೇಟರ್ ಹೊತ್ತೊಯ್ಯುತ್ತೇವೆ. ಭಾಷಣವಾದರೆ ಅದರ ಸದ್ದು ಹೇಗೋ ಮುಚ್ಚಿಹೋಗುತ್ತದೆ. ನಾಟಕದಲ್ಲಿ ಪಾತ್ರಧಾರಿ ಮಾತು ನಿಲ್ಲಿಸಿ ಒಂದು ಕ್ಷಣ ಸುಮ್ಮನೆ ನಿಂತರೆ ಮುಗಿಯಿತು, ರಂಗದ ಹಿಂದಿನಿಂದ ಗುಡುಗುಡು ಶುರು. "ನಿಮ್ಮ ಜನರೇಟರಿಗೂ ಒಂದು ಪಾತ್ರ ಬರೆದುಬಿಡಲಾ?" ಎಂದು ನಿರ್ದೇಶಕರೊಬ್ಬರು ಕೇಳಿದ ಮೇಲೆ ಅದಕ್ಕೊಂದು ಪೆಟ್ಟಿಗೆ ಮಾಡಲೇಬೇಕೆಂದು ಕೂತೆ.

ಮೊದಲ ಪೆಟ್ಟಿಗೆ ನೋಡಲು ಸೊಗಸಾಗಿತ್ತು. 18 ಮಿ.ಮೀ. ಪ್ಲೈವುಡ್, ಒಳಗೆಲ್ಲ ಸ್ಟುಡಿಯೋದಲ್ಲಿ ಅಂಟಿಸುವ ಉಬ್ಬುತಗ್ಗಿನ ಫೋಮ್, ಒಂದು ಬದಿಯಲ್ಲಿ ಎರಡು ಕಂಪ್ಯೂಟರ್ ಫ್ಯಾನ್, ಎದುರು ಬದಿಯಲ್ಲಿ ಒಂದು ತೂತು. ಸದ್ದು ಎಷ್ಟು ಇಳಿಯಿತೆಂದರೆ ಹುಡುಗರು ಚಪ್ಪಾಳೆ ತಟ್ಟಿದರು. 25 ನಿಮಿಷಕ್ಕೆ ಎಂಜಿನ್ ತಡವರಿಸಿ, ಕೆಮ್ಮಿ, ನಿಂತೇಹೋಯಿತು. ಅರ್ಧ ಗಂಟೆ ಬಿಟ್ಟು ಹಗ್ಗ ಎಳೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು. ಕಾರ್ಬುರೇಟರಿನಲ್ಲಿ ಕಸ ಕೂತಿದೆ ಅಂದುಕೊಂಡು ಎರಡು ಸಲ ಬಿಚ್ಚಿ ತೊಳೆದೆವು. ಅದರಲ್ಲಿ ಕಸವೇ ಇರಲಿಲ್ಲ. ಪೆಟ್ರೋಲು ಕಾರ್ಬುರೇಟರಿಗೆ ತಲುಪುವ ಮೊದಲೇ ಕಾದು ಆವಿಯಾಗುತ್ತಿತ್ತು. ಮೂರನೇ ಸಲ ಎಂಜಿನ್ ನಿಂತ ಕೂಡಲೇ ಮುಚ್ಚಳ ತೆಗೆದೆ, ಮುಖಕ್ಕೆ ಝಳ ಹೊಡೆಯಿತು. ಸೈಲೆನ್ಸರ್ ಪಕ್ಕದ ಫೋಮ್ ಹಳದಿಯಾಗಿ ಕೈಗೆ ಅಂಟುತ್ತಿತ್ತು. ಇನ್ನು ಹತ್ತು ನಿಮಿಷ ಓಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಈಗಲೂ ಮನಸ್ಸಾಗುವುದಿಲ್ಲ.

ಅವತ್ತು ರಾತ್ರಿ ಕೂತು, ಮೊದಲೇ ಮಾಡಬೇಕಾಗಿದ್ದ ಲೆಕ್ಕ ಮಾಡಿದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಕಿಲೋವ್ಯಾಟ್-ಗಂಟೆ ಶಕ್ತಿ ಇದೆ. ಪೂರ್ತಿ ಲೋಡಿನಲ್ಲಿ ನಮ್ಮ ಜನರೇಟರ್ ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್ ಕುಡಿದು 2 ಕಿಲೋವ್ಯಾಟ್ ಕೊಡುತ್ತದೆ. ಉಳಿದ 7 ಕಿಲೋವ್ಯಾಟ್ ಬರೀ ಶಾಖ. ಅದರಲ್ಲಿ ಸುಮಾರು 3 ಹೊಗೆಯ ಜೊತೆ ಹೋಗುತ್ತದೆ ಅಂದುಕೊಂಡರೂ, 4 ಕಿಲೋವ್ಯಾಟ್ ಪೆಟ್ಟಿಗೆಯೊಳಗೇ ಉಳಿಯುತ್ತದೆ. ನಾಲ್ಕು ರೂಮ್ ಹೀಟರ್ ಹಚ್ಚಿ ಬಾಗಿಲು ಹಾಕಿಕೊಂಡ ಹಾಗೆ. ಒಳಗಿನ ಗಾಳಿ ಹೊರಗಿನದಕ್ಕಿಂತ 15 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬಾರದು ಎಂದರೆ ಸೆಕೆಂಡಿಗೆ ಸುಮಾರು 220 ಲೀಟರ್, ಅಂದರೆ ಗಂಟೆಗೆ 800 ಘನ ಮೀಟರ್ ಗಾಳಿ ಹಾಯಬೇಕು. 12 ಸೆಂ.ಮೀ.ನ ಒಂದು ಕಂಪ್ಯೂಟರ್ ಫ್ಯಾನ್ ಅಡೆತಡೆಯೇ ಇಲ್ಲದಿದ್ದರೂ ನೂರರ ಆಸುಪಾಸು ತಳ್ಳುತ್ತದೆ. ಎಂಜಿನ್ ಉರಿಸಲು ಬೇಕಾದ ಗಾಳಿಯಾದರೋ ಗಂಟೆಗೆ 9 ಘನ ಮೀಟರ್ ಅಷ್ಟೇ. "ಎಂಜಿನ್ನಿಗೆ ಉಸಿರಾಡಲು ಒಂದು ತೂತು ಸಾಕು" ಎಂದು ನಾನೇ ಹೇಳಿದ್ದೆ. ಉಸಿರಿಗೇನೋ ಅದು ಸಾಕಾಗಿತ್ತು.

ಲೆಕ್ಕ ತಿಳಿದ ಮೇಲೂ ದಡ್ಡತನ ಹೋಗಲಿಲ್ಲ. ಕಂಪ್ಯೂಟರ್ ಫ್ಯಾನ್ ಕಿತ್ತು 30 ಸೆಂ.ಮೀ.ನ ಫ್ಯಾನ್ ಹಾಕಿದೆವು, ಸುತ್ತಲೂ ದೊಡ್ಡ ದೊಡ್ಡ ಕಿಂಡಿ ಕೊರೆದೆವು. ಸದ್ದು ವಾಪಸು ಬಂತು. ಬರಲೇಬೇಕು, ಏಕೆಂದರೆ ಹೊರಮೈಯಲ್ಲಿ ನೂರಕ್ಕೆ ಒಂದು ಭಾಗ ನೇರವಾಗಿ ತೆರೆದಿದ್ದರೂ ಆ ಗೋಡೆ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲಾರದು, ಹತ್ತನೇ ಒಂದು ಭಾಗ ತೆರೆದಿದ್ದರೆ 10 ಅಷ್ಟೇ. ಸದ್ದು ಬಂದರೂ ಬರಲಿ ಎಂದುಕೊಂಡರೆ ಬಿಸಿಯೂ ಇಳಿಯಲಿಲ್ಲ. ಇಷ್ಟು ಗಾಳಿ ಹೋಗುತ್ತಿದೆ, ಎಂಜಿನ್ ಮಾತ್ರ ಕಾಯುತ್ತಲೇ ಇದೆ. ಎರಡು ದಿನ ತಲೆ ಕೆಟ್ಟುಹೋಯಿತು.

ಗುಟ್ಟು ಬಿಟ್ಟುಕೊಟ್ಟದ್ದು ಹೊಲಿಗೆಯ ನೂಲು. ಮುಚ್ಚಳದ ಜಾಗದಲ್ಲಿ ಪಾರದರ್ಶಕ ಅಕ್ರಿಲಿಕ್ ಹಾಳೆ ಇಟ್ಟು, ಒಳಗೆ ಅಲ್ಲಲ್ಲಿ ಗೇಣುದ್ದದ ನೂಲು ಅಂಟಿಸಿ, ಎಂಜಿನ್ ಓಡಿಸಿ, ಟಾರ್ಚ್ ಬಿಟ್ಟು ನೋಡಿದೆ. ಊದುಬತ್ತಿ ಹೊಗೆಯಲ್ಲಿ ನೋಡೋಣ ಎಂದು ಹುಡುಗನೊಬ್ಬ ಬಂದಿದ್ದ, ಪೆಟ್ರೋಲ್ ಟ್ಯಾಂಕಿನ ಪಕ್ಕ ಕಿಡಿ ಬೇಡ ಮಾರಾಯ ಎಂದು ಓಡಿಸಿದೆ. ಇಂಥ ಎಂಜಿನ್‌ನಲ್ಲಿ ಎಳೆಯುವ ಹಗ್ಗದ ಹಿಂದೆ ಫ್ಲೈವೀಲ್ ಎಂಬ ಭಾರದ ಚಕ್ರ ಇರುತ್ತದೆ, ಅದರ ರೆಕ್ಕೆಗಳೇ ಗಾಳಿಯನ್ನು ಎಳೆದು ಸಿಲಿಂಡರಿನ ಫಿನ್‌ಗಳ, ಅಂದರೆ ಶಾಖ ಬಿಡುವ ಲೋಹದ ಪಟ್ಟಿಗಳ ಮೇಲೆ ಊದುತ್ತವೆ. ಫಿನ್ ದಾಟಿದ ಬಿಸಿಗಾಳಿ ನೇರ ಹೊರಗೆ ಹೋಗುತ್ತದೆ ಎಂಬುದು ನನ್ನ ನಂಬಿಕೆ. ನೂಲುಗಳು ಬೇರೆಯೇ ಕಥೆ ಹೇಳಿದವು. ಬಿಸಿಗಾಳಿ ಮುಚ್ಚಳಕ್ಕೆ ಬಡಿದು, ತಿರುಗಿ, ಸುತ್ತಿಬಂದು ಅದೇ ಹಗ್ಗದ ಬದಿಯಿಂದ ಮತ್ತೆ ಒಳಗೆ ಹೋಗುತ್ತಿತ್ತು. ನನ್ನ ದೊಡ್ಡ ಫ್ಯಾನಿನ ತಂಪುಗಾಳಿ ಹತ್ತಿರದ ಕಿಂಡಿಗಳಿಂದ ಆರಾಮಾಗಿ ಹೊರಗೆ ಹೋಗುತ್ತಿತ್ತು, ಎಂಜಿನ್ ತಾನು ಉಗುಳಿದ್ದನ್ನೇ ಕುಡಿಯುತ್ತಿತ್ತು.

ಕಿಂಡಿಗಳನ್ನೆಲ್ಲ ಮುಚ್ಚಿಬಿಟ್ಟು ಒಳಗೆ ತಗಡಿನ ಅಡ್ಡಗೋಡೆ ನಿಲ್ಲಿಸಿದೆವು. ಹಗ್ಗದ ಬದಿ ತಂಪು ಕೋಣೆ, ಸೈಲೆನ್ಸರ್ ಬದಿ ಬಿಸಿ ಕೋಣೆ. ಎಂಜಿನ್ ಕವಚದ ಆಕಾರಕ್ಕೇ ತಗಡು ಕತ್ತರಿಸಿ, ಕವಚಕ್ಕೆ ತಾಗದಂತೆ ಬೆರಳಗಲ ಬಿಟ್ಟು, ಆ ಸಂದಿಗೆ ಶಾಖ ತಡೆಯುವ ಸಿಲಿಕೋನ್ ರಬ್ಬರ್ ಪಟ್ಟಿ ಕೊಟ್ಟೆವು. ತಗಡು ತಾಗಿದರೆ ನಡುಕ ಇಡೀ ಪೆಟ್ಟಿಗೆಗೆ ಹತ್ತಿ ಡೋಲು ಬಾರಿಸಿದಂತಾಗುತ್ತದೆ. ಅಷ್ಟು ಮಾಡಿದರೂ ಆಲ್ಟರ್ನೇಟರ್, ಅಂದರೆ ಕರೆಂಟ್ ಹುಟ್ಟಿಸುವ ಭಾಗ, ಕಾಯತೊಡಗಿತು. ಅದು ತನ್ನ ಬಾಲದ ತುದಿಯಿಂದ ಗಾಳಿ ಎಳೆದು ಎಂಜಿನ್ ಕಡೆಗೆ ಬಿಡುತ್ತದೆ, ಆ ತುದಿ ನಮ್ಮ ಬಿಸಿ ಕೋಣೆಯಲ್ಲಿ ಸಿಕ್ಕಿಕೊಂಡಿತ್ತು. ಎರಡೂ ತುದಿ ತಂಪು, ನಡುವೆ ಬಿಸಿ ಎಂದು ಮತ್ತೆ ಎಲ್ಲ ಬದಲಿಸಿದೆವು. ಟ್ಯಾಂಕಿನ ಅಡಿಯಲ್ಲೂ ಒಂದು ತಗಡು. ಫ್ಯಾನನ್ನು ತಂಪು ಬದಿಯಲ್ಲಿ, ಒಳಕ್ಕೆ ತಳ್ಳುವಂತೆ ಕೂರಿಸಿದೆ. ಅದರ ಮೋಟರೂ ತಣ್ಣಗಿರುತ್ತದೆ, ಸಂದಿಗಳಲ್ಲಿ ಸೋರುವ ಗಾಳಿ ತಂಪಿನಿಂದ ಬಿಸಿಯ ಕಡೆಗೇ ಸೋರುತ್ತದೆ. ಮೊದಲ ದಿನ ಪೂರ್ತಿ ಲೋಡಿನಲ್ಲಿ ಮೂರು ಗಂಟೆ ಓಡಿತು.

ಆಮೇಲೆಯೇ ಸದ್ದಿನ ಕಡೆ ತಿರುಗಿದೆ. ಈಗ ಗಾಳಿಗೆ ಒಂದೇ ಒಳದಾರಿ, ಒಂದೇ ಹೊರದಾರಿ. ಎರಡಕ್ಕೂ ಎರಡೆರಡು ತಿರುವಿನ ಮರದ ಕೊಳವೆ ಕೂಡಿಸಿದೆವು. ಒಂದು ಬಾಯಲ್ಲಿ ಇಣುಕಿದರೆ ಎಂಜಿನ್ ಕಾಣಿಸಬಾರದು, ಅದೊಂದೇ ನಿಯಮ. ಒಳಮೈಗೆ 50 ಮಿ.ಮೀ. ರಾಕ್‌ವೂಲ್, ಅದರ ಮೇಲೆ ಗಾಜಿನ ಬಟ್ಟೆ, ತೂತಿನ ತಗಡು. ಇಷ್ಟೆಲ್ಲ ಹೊದಿಸಿದ ಮೇಲೂ ನಡುವೆ 25 ಸೆಂ.ಮೀ. ಚೌಕ ಖಾಲಿ ಉಳಿಯಬೇಕು, ಇಕ್ಕಟ್ಟಾದರೆ ಗಾಳಿಯೇ ಸುಯ್ಯೆನ್ನುತ್ತದೆ. ಫೋಮನ್ನು ಪೂರ್ತಿ ಕಿತ್ತೆಸೆದೆವು. ರಾಕ್‌ವೂಲ್ ಕಲ್ಲಿನ ನಾರು, ಉರಿಯುವುದಿಲ್ಲ. ಎಣ್ಣೆ ಹೀರಿಕೊಂಡರೆ ಮಾತ್ರ ಅದೂ ಅಪಾಯವೇ, ಹಾಗಾಗಿ ಎಂಜಿನ್ ಅಡಿಗೆ ತಟ್ಟೆ ಇಟ್ಟಿದ್ದೇವೆ.

ಕಟಕಟ, ಕಿರಕಿರ ಎಲ್ಲ ಹೋಯಿತು. ಹೋಗದೆ ಉಳಿದದ್ದು ಬುಡದ ಡುಬುಡುಬು. ನಿಮಿಷಕ್ಕೆ 3000 ಸುತ್ತು ಓಡುವ ಒಂಟಿ ಸಿಲಿಂಡರಿನ ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೊಮ್ಮೆ, ಅಂದರೆ ಸೆಕೆಂಡಿಗೆ 25 ಸಲ ಸಿಡಿಯುತ್ತದೆ. 25 ಹರ್ಟ್ಸ್ ಅಲೆಯ ಉದ್ದ ಸುಮಾರು 14 ಮೀಟರ್, ಎರಡು ಇಂಚಿನ ರಾಕ್‌ವೂಲ್ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೊಗೆ ಕೊಳವೆಗೆ ಎರಡನೇ ಸೈಲೆನ್ಸರ್ ಹಾಕಿದ ಮೇಲೆ ಅದು ಸುಮಾರಾಗಿ ತಗ್ಗಿತು. ಅದರ ಭಾರವನ್ನು ಪೆಟ್ಟಿಗೆಯೇ ಹೊರುತ್ತದೆ, ಎಂಜಿನ್ನಿಗೂ ಅದಕ್ಕೂ ನಡುವೆ ಬಳುಕುವ ಸ್ಟೀಲ್ ಕೊಳವೆ. ಉಳಿದದ್ದನ್ನು ದೂರಕ್ಕೆ ಬಿಟ್ಟಿದ್ದೇವೆ. ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ, ಉದ್ದನೆಯ ಕೇಬಲ್‌ನಷ್ಟು ಒಳ್ಳೆಯ ಸೈಲೆನ್ಸರ್ ಇನ್ನೊಂದಿಲ್ಲ.

ಫ್ಯಾನಿಗೆ ಕರೆಂಟ್ ಕೊಡುವುದೂ ಇದೇ ಜನರೇಟರ್. ಅದನ್ನು ಆಫ್ ಮಾಡಿದ ಗಳಿಗೆಯಲ್ಲೇ ಫ್ಯಾನೂ ನಿಲ್ಲುತ್ತದೆ, ಕಾದ ಎಂಜಿನ್ನಿನ ಶಾಖವೆಲ್ಲ ಟ್ಯಾಂಕಿಗೆ, ಕಾರ್ಬುರೇಟರಿಗೆ ಏರುತ್ತದೆ. ಇದು ಹೊಳೆದದ್ದು ತಡವಾಗಿ, ಪೆಟ್ರೋಲ್ ವಾಸನೆ ಬಂದ ಮೇಲೆ. ಈಗ 12 ವೋಲ್ಟ್ ಬ್ಯಾಟರಿಯ ಇನ್ನೊಂದು ಚಿಕ್ಕ ಫ್ಯಾನ್ ಎಂಜಿನ್ ನಿಂತ ಮೇಲೂ ಹತ್ತು ನಿಮಿಷ ತಿರುಗುತ್ತದೆ. ಓಡುವಾಗಲೇ ದೊಡ್ಡ ಫ್ಯಾನ್ ಕೈಕೊಟ್ಟರೆ ಎಂಜಿನ್ ನಿಲ್ಲಿಸಲು ಬಿಸಿ ಕೋಣೆಯಲ್ಲಿ ಥರ್ಮಲ್ ಸ್ವಿಚ್ ಇದೆ. ಪೆಟ್ರೋಲ್ ಸುರಿಯುವುದು ಎಲ್ಲ ಆರಿದ ಮೇಲೆಯೇ, ಪೆಟ್ಟಿಗೆಯಿಂದ ಹೊರಗೆ ತೆಗೆದು.

ಸದ್ದು ಇಳಿದ ಮೇಲೆ ನಾನು ಎಣಿಸದ ಒಂದು ತಕರಾರು ಶುರುವಾಗಿದೆ. ಮೊದಲು ಎಲ್ಲರೂ ಜನರೇಟರನ್ನು ದೂರ ಇಡಿ ಎನ್ನುತ್ತಿದ್ದರು. ಈಗ, "ಸದ್ದೇ ಇಲ್ಲವಲ್ಲ ಸಾರ್, ಮೇಕಪ್ ಕೋಣೆ ಗೋಡೆಗೇ ಇಟ್ಟುಬಿಡಿ, ಮಳೆಯೂ ತಾಗಲ್ಲ" ಎನ್ನುತ್ತಾರೆ. ಪೆಟ್ಟಿಗೆ ಸದ್ದನ್ನು ತಡೆಯುತ್ತದೆ, ಕಾರ್ಬನ್ ಮಾನಾಕ್ಸೈಡನ್ನು ತಡೆಯುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವೆಂದು ಮಲಗಿದವರು ಏಳದೆ ಹೋಗಬಹುದು. ಬಾಗಿಲು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರ, ತೆರೆದ ಜಾಗದಲ್ಲಿ, ಹೊಗೆಯ ಬಾಯಿ ಜನರಿಂದ ಆಚೆಗೆ. ಈ ವಿಷಯದಲ್ಲಿ ಮಾತ್ರ ನಾನು ಜಗಳಗಂಟ ಎಂಬ ಹೆಸರು ಪಡೆದಿದ್ದೇನೆ, ಇರಲಿ.

ಪೆಟ್ಟಿಗೆಯಲ್ಲಿ ಒಂದು ತಪ್ಪು ಇನ್ನೂ ಉಳಿದಿದೆ. ಹಗ್ಗ ಎಳೆಯಲು ಬಿಟ್ಟ ಬಾಗಿಲಿಗೆ ಕೀಲು ಜೋಡಿಸುವಾಗ ಬಲಗೈ ಎಳೆತ ಲೆಕ್ಕಕ್ಕೆ ಬರಲಿಲ್ಲ. ಸ್ಟಾರ್ಟ್ ಮಾಡುವಾಗಲೆಲ್ಲ ಒಬ್ಬ ಬಾಗಿಲು ಹಿಡಿದು ನಿಲ್ಲಬೇಕು, ಇನ್ನೊಬ್ಬ ಮಂಡಿಯೂರಿ ಎಡಗೈಯಲ್ಲಿ ಎಳೆಯಬೇಕು.