ಹಿಟ್ಟಾಗದ ಕಾಳು

ಸಜ್ಜಕಕ್ಕೆ ರವೆ ಒಡೆಸಲೆಂದು ಧಾರವಾಡದ ನಮ್ಮ ಓಣಿಯ ಗಿರಣಿಗೆ ಕಳೆದ ವಾರ ಸದಕ ಗೋಧಿ ಒಯ್ದಿದ್ದೆ. ಗಿರಣಿಯವರು ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, "ಇದು ಹಿಟ್ಟಾಗೋ ಕಾಳಲ್ಲ ರೀ ಅಕ್ಕಾರ, ರವಾ ಆಗೋ ಕಾಳು" ಎಂದರು. ಗೋಧಿಯ ಜೀನೋಮ್, ಅಂದರೆ ಅದರ ಜೀನ್‌ಗಳೆಲ್ಲ ಅಡಗಿರುವ ಇಡೀ ಡಿಎನ್‌ಎ ಬಗ್ಗೆ ಓದುತ್ತ ಬಂದಿರುವ ನನಗೆ ಆ ಮಾತು ಮನೆಗೆ ಬಂದರೂ ಬಿಡಲಿಲ್ಲ.

ಸದಕಕ್ಕೆ 28 ವರ್ಣತಂತುಗಳು, ಚಪಾತಿಯ ಗೋಧಿಗೆ 42. ಪಶ್ಚಿಮ ಏಷ್ಯಾದಲ್ಲಿ ಉರಾರ್ಟು ಎಂಬ ಕಾಡುಗೋಧಿಯೂ ಏಜಿಲೋಪ್ಸ್ ಕುಲದ ಒಂದು ಹುಲ್ಲೂ ಬೆರೆತು, ಎರಡರ ವರ್ಣತಂತುಗಳೂ ಒಂದೇ ಗಿಡದಲ್ಲಿ ಉಳಿದುಕೊಂಡಾಗ ಸದಕದ ಪೂರ್ವಜ ಹುಟ್ಟಿತು. ಹೀಗೆ ಕೂಡಿದ ಎರಡು ವರ್ಣತಂತು ಗುಂಪುಗಳನ್ನು ಎ ಮತ್ತು ಬಿ ಜೀನೋಮ್ ಎನ್ನುತ್ತಾರೆ. ಹೀಗೆ ಒಂದೇ ಕೆಲಸಕ್ಕೆ ಎರಡು ಜೋಡಿ ಜೀನ್‌ಗಳಿದ್ದಾಗ ಒಂದು ಅಳಿದರೂ ಗಿಡಕ್ಕೆ ಧಕ್ಕೆಯಿಲ್ಲವಾದ್ದರಿಂದ, ಕಾಲಾಂತರದಲ್ಲಿ ಕೆಲವು ಉದುರಿಹೋಗುವುದು ಸಹಜ. ಆದರೆ ಪ್ಯೂರೋಇಂಡೋಲಿನ್ ಎಂಬ ಪ್ರೋಟೀನಿನ ಜೀನ್‌ಗಳು 5ಎ, 5ಬಿ (ಎ ಮತ್ತು ಬಿ ಜೀನೋಮ್‌ಗಳ ಐದನೆಯ ವರ್ಣತಂತು) ಎರಡರಿಂದಲೂ ಬೇರೆಬೇರೆಯಾಗಿಯೇ ಅಳಿದವು. ಒಂದಿಲ್ಲದಿದ್ದರೆ ಇನ್ನೊಂದಿದೆ ಎಂಬ ಲೆಕ್ಕ ಇಲ್ಲಿ ತಪ್ಪಿತು. ಪಿಷ್ಟದ ಕಣಗಳ ಮೈಗೆ ಅಂಟಿಕೊಂಡು, ಸುತ್ತಲಿನ ಪ್ರೋಟೀನು ಅವನ್ನು ಬಿಗಿಯಾಗಿ ಹಿಡಿಯದಂತೆ ತಡೆಯುವುದು ಪ್ಯೂರೋಇಂಡೋಲಿನ್‌ನ ಕೆಲಸ. ಅದಿಲ್ಲದ ಸದಕ ಮತ್ತು ಅದರಂತೆಯೇ 28 ವರ್ಣತಂತುಗಳಿರುವ ಡ್ಯೂರಮ್ ಗೋಧಿಗಳ ಕಾಳು ಗಿರಣಿಯ ಕಲ್ಲಿಗೆ ಸಿಕ್ಕಾಗ ಪುಡಿಯಾಗದೆ ಹರಳುಹರಳಾಗಿ ಒಡೆಯುತ್ತದೆ.

ಸುಮಾರು 10,000 ವರ್ಷಗಳ ಹಿಂದೆ, ಸಾಗುವಳಿಗೆ ಬಂದಿದ್ದ, 28 ವರ್ಣತಂತುಗಳ ಇಂಥ ನಾಲ್ಮಡಿ ಗೋಧಿಗೆ ಏಜಿಲೋಪ್ಸ್ ಟೌಷಿ ಎಂಬ ಕಾಡುಹುಲ್ಲು ಕೂಡಿದಾಗ ಡಿ ಜೀನೋಮ್ ಬಂತು, ಚಪಾತಿಯ ಗೋಧಿ ಹುಟ್ಟಿತು. ಕಳೆದುಹೋಗಿದ್ದ ಜೀನ್‌ಗಳು 5ಡಿಯ ಜೊತೆಗೆ ಮರಳಿದವು, ಕಾಳು ಮೆತ್ತಗಾಯಿತು. ವಿಚಿತ್ರವೆಂದರೆ, ಮುಂದೆ ಅವೇ ಜೀನ್‌ಗಳಲ್ಲಿ ಒಂದಿಲ್ಲೊಂದು ಕೆಟ್ಟು, 42 ವರ್ಣತಂತುಗಳ ಈ ಆರ್ಮಡಿ ಗೋಧಿಯಲ್ಲಿಯೂ ಗಟ್ಟಿ ಕಾಳಿನ ತಳಿಗಳು ಹುಟ್ಟಿಕೊಂಡಿವೆ. 2018ರಲ್ಲಿ ಪ್ರಕಟವಾದ ಚಪಾತಿ ಗೋಧಿಯ ಜೀನೋಮ್ ನಕ್ಷೆ ಮನುಷ್ಯನದಕ್ಕಿಂತ ಐದು ಪಟ್ಟು ದೊಡ್ಡದು. ಅದರಲ್ಲಿ ಶೇಕಡಾ 80ಕ್ಕೂ ಹೆಚ್ಚು ಭಾಗ ಮತ್ತೆಮತ್ತೆ ಬರುವ ಪುನರಾವರ್ತಿತ ತುಣುಕುಗಳದು. ಅಂಥ ಹರವಿನಲ್ಲಿ ಒಂದೆರಡು ಜೀನ್ ಗಿರಣಿಯ ಕಲ್ಲಿಗೆ ತಿಳಿಯುವಷ್ಟು ಎದ್ದು ಕಾಣುವುದು ನನಗೆ ಇಂದಿಗೂ ಬೆರಗು.

5ಡಿಯ ತುಣುಕನ್ನು ಡ್ಯೂರಮ್ ಗೋಧಿಗೆ ಸೇರಿಸಿ ಮೆತ್ತನೆಯ ಕಾಳು ಪಡೆದ ವಿಜ್ಞಾನಿಗಳು ಅಮೆರಿಕದಲ್ಲಿದ್ದಾರೆ. ಕಾರಣ ಇದೇ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಆದರೆ ಆ ಕಾಳಿನ ಸಜ್ಜಕ ಅಂಟಂಟಾದೀತೆಂದು ನನ್ನ ಅನುಮಾನ.